ಹದಿನೈದು ಓಮ್

ಆ ಸ್ಪೀಕರ್ ಪೆಟ್ಟಿಗೆ ಹೊಳೆನರಸೀಪುರದ ನಮ್ಮ ನಡುಮನೆಗೆ ಬಂದ ದಿನ, ಹೊತ್ತು ತಂದವರು ಇದರೊಳಗೆ ಅಕ್ಕಿ ತುಂಬುತ್ತೀರೋ ರಾಗಿಯೋ ಎಂದು ಕೇಳಿದರು. ನನಗೆ ಆಗಲೇ ಮೈ ಉರಿಯಿತು. ಸಕಲೇಶಪುರದ ಕಡೆಯ ತೋಟದ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಹಾಸನದಲ್ಲಿ ಹರಾಜಿಗಿಟ್ಟ ಸಾಮಾನು ಅದು. ಎದೆಯೆತ್ತರದ ತೇಗದ ಪೆಟ್ಟಿಗೆ, ಒಳಗೆ ಊಟದ ತಟ್ಟೆಯಷ್ಟು ಅಗಲದ ಸ್ಪೀಕರ್, ಹಿಂದೆ ತಗಡಿನ ಮೇಲೆ ಕರೆಂಟಿನ ತಡೆಯ ಅಳತೆ, ಹದಿನೈದು ಓಮ್ ಎಂದು ಕೊರೆದಿತ್ತು. ಅದೇ ಅಳತೆಗೆ ಹೊಂದುವ ಹಾಗೆ ಮಾಡಿದ ಆಂಪ್ಲಿಫೈಯರ್ ಕೂಡ ಇತ್ತು. ಆದರೆ ಹರಾಜಿನವನು ಎರಡನ್ನೂ ಬೇರೆ ಬೇರೆ ಕೂಗಿದ. ಪೆಟ್ಟಿಗೆ ನನಗೆ ಬಂತು, ಆಂಪ್ಲಿಫೈಯರ್ ಯಾರೋ ಟೂರಿಂಗ್ ಟಾಕೀಸಿನವನ ಜೀಪು ಹತ್ತಿತು. ಜೋಡೆತ್ತನ್ನು ಒಂದೊಂದಾಗಿ ಮಾರುವ ಬುದ್ಧಿ ಆ ಮನುಷ್ಯನಿಗೆ ಯಾರು ಕೊಟ್ಟರೋ.

ನಾನು ಶೋಕಿಗೆ ತಂದದ್ದಲ್ಲ. ಅಪ್ಪನಿಗೆ ಕಿವಿ ಹೋಗುತ್ತಿತ್ತು. ಹೋಗುವುದರಲ್ಲೂ ಒಂದು ಚೋದ್ಯ: ಬಸ್ಸಿನ ಇಂಜಿನ್ ಕೇಳುತ್ತಿತ್ತು, ನಗಾರಿ ಕೇಳುತ್ತಿತ್ತು, ಹೆಂಗಸರ ದನಿ ಮಾತ್ರ ಕೇಳುತ್ತಿರಲಿಲ್ಲ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅವರು ಮನೆಯಲ್ಲಿ ಹಾಡುಗಾರರು. ಅಕ್ಕನಿಗೆ ಸರಳೆಯಿಂದ ಕೃತಿಯವರೆಗೆ ಅವರದೇ ಪಾಠ. ಮದುವೆಯಾಗಿ ಚನ್ನರಾಯಪಟ್ಟಣ ಸೇರಿದ್ದ ಆ ಅಕ್ಕ ಬೆಂಗಳೂರಿನ ರೇಡಿಯೋದಲ್ಲಿ ಮೊದಲ ಸಲ ಹಾಡಲಿದ್ದಳು, ಒಂದು ಭಾನುವಾರ ಬೆಳಿಗ್ಗೆ, ಕಾಲು ಗಂಟೆ. ಅವಳು ಎದುರು ಕೂತು ಹಾಡಿದರೂ ಅಪ್ಪನಿಗೆ ಬಾಯಿ ಆಡುವುದು ಕಾಣುತ್ತಿತ್ತು, ಅಷ್ಟೇ. ನಮ್ಮ ಸಣ್ಣ ರೇಡಿಯೋಗೆ ಕಿವಿ ಆನಿಸಿ ಸೊಳ್ಳೆ ಕೂಗಿದ ಹಾಗಿದೆ ಎಂದು ಎದ್ದುಬಿಡುತ್ತಿದ್ದರು. ಹರಾಜಿನಲ್ಲಿ ಆ ಪೆಟ್ಟಿಗೆಯಿಂದ ಒಬ್ಬ ಹೆಂಗಸು ಹಾಡಿದ್ದನ್ನು ನಾನು ಕೇಳಿದ್ದೆ. ದನಿ ತುಂಬಿಕೊಂಡು ಬಂದು ಕಾಲಡಿಯ ನೆಲ ಅದುರಿತ್ತು. ಇದರಲ್ಲಾದರೆ ಅಪ್ಪನಿಗೆ ಮಗಳ ಹಾಡು ಕೇಳೀತು ಎಂದು ಆಸೆಪಟ್ಟೆ. ಈ ಸಲ ತಪ್ಪಿದರೆ, ಅವಳನ್ನು ಮತ್ತೆ ಕರೆಯುವ ಹೊತ್ತಿಗೆ ಅವರಿಗೆ ನಗಾರಿಯೂ ಕೇಳುವುದು ಅನುಮಾನವಿತ್ತು.

ರೇಡಿಯೋದಿಂದ ನೇರವಾಗಿ ತಂತಿ ಎಳೆದು ಪೆಟ್ಟಿಗೆಗೆ ಕೊಟ್ಟೆ. ಅಷ್ಟು ದೊಡ್ಡ ಪೆಟ್ಟಿಗೆ ಜ್ವರ ಬಂದವರ ಹಾಗೆ ನರಳಿತು. ಅರಕಲಗೂಡಿನ ಮೈಕ್ ಸೆಟ್ಟಿನವನೊಬ್ಬ ತನ್ನ ಆಂಪ್ಲಿಫೈಯರ್ ತಂದು ಹಚ್ಚಿದ. ಮದುವೆ ಮನೆಯ ಕೊಂಬಿನ ಸ್ಪೀಕರಿಗೆ ಒಗ್ಗಿದ್ದ ಅದು ನಮ್ಮ ಪೆಟ್ಟಿಗೆಯಲ್ಲಿ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಮಾಡಲಿಲ್ಲ. ಅವನು ಪೆಟ್ಟಿಗೆಯೇ ಸರಿಯಿಲ್ಲ ಎಂದು ತೀರ್ಪು ಕೊಟ್ಟು, ಕಾಫಿ ಕುಡಿದು ಹೋದ. ನನ್ನ ಕಚೇರಿಯವರು ದಿನಾ ನನ್ನನ್ನು ಕಿಚಾಯಿಸುತ್ತಿದ್ದರು. ಪೆಟ್ಟಿಗೆಗೆ ವರ ಸಿಕ್ಕನೇ, ಜಾತಕ ಕೂಡಿತೇ ಎಂದು ಕೇಳುವರು. ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೊನೆಗೆ ಹಾಸನದ ಒಂದು ರೇಡಿಯೋ ಅಂಗಡಿಗೆ ಹೋದೆ. ಅಂಗಡಿಯವನಿಗೆ ತಿಳಿಯದ್ದು ಭೂಮಿಯ ಮೇಲಿಲ್ಲ ಎಂಬ ಮುಖ. ಹದಿನೈದು ಓಮ್ ಎಂದು ನಾನು ಬಾಯಿ ನೋಯುವಷ್ಟು ಸಲ ಹೇಳಿದೆ. ಅವನು ಒಂದು ಕಬ್ಬಿಣದ ಆಂಪ್ಲಿಫೈಯರ್ ಎತ್ತಿಕೊಟ್ಟು, "ವ್ಯಾಟ್ ಜಾಸ್ತಿ ಐತೆ ಸಾ, ಕುರಿ ಅಲ್ಲ, ಕೋಣ ಇದು. ಓಗಿ ಆಕಿ, ಆಡ್ತದೆ" ಎಂದ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಬಿಡುವಿಲ್ಲದೆ ಶನಿವಾರದವರೆಗೂ ಕಟ್ಟು ಬಿಚ್ಚಲಿಲ್ಲ.

ಇಲ್ಲಿ ಅಮ್ಮನ ಬಗ್ಗೆ ಹೇಳಬೇಕು. ಅವರು ಶಾಲಾ ಮೇಷ್ಟ್ರ ಮಗಳು. ನಮ್ಮ ಸೀಮೆಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ: ಹಾಲು ಆಲಾಗುತ್ತದೆ, ಹೋಗು ಓಗಾಗುತ್ತದೆ. ಅಮ್ಮನಿಗೆ ಅದನ್ನು ಕಂಡರಾಗದು. ಯಾರು ಏನೇ ಹೇಳಲಿ, ಬಿಟ್ಟ ಹಕಾರವನ್ನು ತಾವೇ ಹಚ್ಚಿ ಕೇಳಿಸಿಕೊಳ್ಳುತ್ತಿದ್ದರು.

ಶುಕ್ರವಾರ ನಾನು ಕಚೇರಿಯಲ್ಲಿದ್ದಾಗ ಹಾಸನದ ಬಸ್ಸಿನ ಕಂಡಕ್ಟರ್ ಮನೆ ಬಾಗಿಲಿಗೆ ಬಂದ. ಅಂಗಡಿಯವನಿಗೆ ತಡವಾಗಿ ಬುದ್ಧಿ ಬಂದಿತ್ತು. ಆಂಪ್ಲಿಫೈಯರಿನದು ಐನೂರು ಓಮ್, ಪೆಟ್ಟಿಗೆಯದು ಹದಿನೈದು. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಹಾಕದಿದ್ದರೆ ಸುಡುತ್ತದೆ, ತಂತಿ ಸುತ್ತಿ ಮಾಡಿ ಸೋಮವಾರ ಕಳಿಸುತ್ತೇನೆ ಎಂಬುದು ಅವನ ಸುದ್ದಿ. ಕಂಡಕ್ಟರ್ ಅದನ್ನು ತನ್ನ ಬಾಯಿಗೆ ಹಿಡಿದಷ್ಟು ಮಾಡಿ ಅಮ್ಮನಿಗೆ ಒಪ್ಪಿಸಿದ: "ಓಮ ಸರಿ ಓಗಿಲ್ವಂತೆ ಕಣಮ್ಮ. ಅವರ್ದು ಐನೂರು ಓಮ, ನಿಮ್ದು ಬರೀ ಅದ್ನೈದು. ಓಮ ಸರಿ ಮಾಡ್ದೆ ಆಕ್ಬುಟ್ರೆ ಸುಟ್ಟೋಯ್ತದಂತೆ."

ಅಮ್ಮ ಎಂದಿನಂತೆ ಹಕಾರ ಹಚ್ಚಿದರು. ಹೋಮ ಸರಿಹೋಗಿಲ್ಲ.

ಸಂಜೆ ನಾನು ಹಾಸನದಿಂದ ಏನಾದರೂ ಹೇಳಿಕಳಿಸಿದರೇ ಎಂದು ಕೇಳಿದ್ದಕ್ಕೆ ಅಮ್ಮ, "ಹೇಳಿಕಳಿಸಿದ್ರು, ಅದಕ್ಕೆ ಏನು ಬೇಕೋ ನಾನು ಏರ್ಪಾಡು ಮಾಡಿದೀನಿ, ನೀನು ನಿನ್ನ ತಂತಿ ನೋಡ್ಕೋ" ಎಂದರು. ಯಾರೋ ಸಾಮಾನು ತಲುಪಿಸುವ ವಿಚಾರ ಎಂದುಕೊಂಡೆ. ಶನಿವಾರವೆಲ್ಲ ಕೂತು ರೇಡಿಯೋದ ಸ್ವಂತ ಸ್ಪೀಕರನ್ನು ಬಿಚ್ಚಿ, ಅಲ್ಲಿಂದ ಆಂಪ್ಲಿಫೈಯರಿಗೆ, ಅಲ್ಲಿಂದ ಪೆಟ್ಟಿಗೆಗೆ ತಂತಿ ಬೆಸೆದೆ. ಅಷ್ಟು ಹೊತ್ತಿಗೆ ಕರೆಂಟು ಹೋಯಿತು. ಪರೀಕ್ಷೆ ಮಾಡಲೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ಪುರೋಹಿತರು ಸಮಿತ್ತಿನ ಕಟ್ಟು ಹಿಡಿದು ಬಂದರು. ಪೆಟ್ಟಿಗೆಯ ಎದುರಿಗೇ ಇಟ್ಟಿಗೆ ಜೋಡಿಸಿ ಗಣಹೋಮಕ್ಕೆ ಕೂತರು. ಹೊಸ ಯಂತ್ರ ಬಂದರೆ ಪೂಜೆ ಮಾಡುವುದು ಇದ್ದದ್ದೇ, ಆದರೆ ಹೊಗೆ ಯಾಕೆ ಎಂದು ನಾನು ರೇಗಿದೆ. ಮಾಡಿಸದಿದ್ದರೆ ಕೆಡುತ್ತದೆ ಎಂದು ಅಮ್ಮ ಜಗ್ಗಲಿಲ್ಲ. ಜಗಳವಾಡಲು ಹೊತ್ತಿರಲಿಲ್ಲ. ಕರೆಂಟು ಬಂದಿತ್ತು. ಅಪ್ಪ ಒಗೆದ ಪಂಚೆ ಉಟ್ಟು, ಶಲ್ಯ ಹೊದ್ದು, ಪೆಟ್ಟಿಗೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ನಾನು ಗುಂಡಿ ತಿರುಗಿಸಿದೆ.

ಅಕ್ಕನ ಹೆಸರು ಹೇಳಿದ್ದು ಕೇಳಿತು. ಆಮೇಲೆ ಅವಳ ದನಿ ಬಂತು, ಹರಾಜಿನಲ್ಲಿ ನಾನು ಕೇಳಿದ ಹಾಗೆಯೇ ತುಂಬಿಕೊಂಡು ಬಂತು. ಅಪ್ಪ ತಲೆಯೆತ್ತಿದರು. ಪೆಟ್ಟಿಗೆಯ ಮೇಲೆ ಒಂದು ಕೈ ಇಟ್ಟರು. ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಿಡಿಯಿತು. ನಾನು ಅತ್ತುಬಿಡುತ್ತಿದ್ದೆ.

ಪಲ್ಲವಿ ಮುಗಿಯುವ ಮುನ್ನ ದನಿ ಒಡೆಯಿತು, ಕೆರೆಯಿತು, ನಿಂತಿತು. ಆಂಪ್ಲಿಫೈಯರಿನ ತೂತುಗಳಿಂದ ಹೊಗೆ ಬರುತ್ತಿತ್ತು. ಎಷ್ಟು ಹೊತ್ತಿನಿಂದ ಬರುತ್ತಿತ್ತೋ, ಹೋಮದ ಹೊಗೆಯಲ್ಲಿ ಯಾರಿಗೆ ಕಾಣಬೇಕು! ಪ್ಲಗ್ ಕಿತ್ತೆ. ರೇಡಿಯೋಗೆ ಅದರ ಸ್ಪೀಕರ್ ಮತ್ತೆ ಹಚ್ಚಲು ಬೆಸುಗೆ ಕಡ್ಡಿ ಹುಡುಕಿ ತೆಗೆದೆ. ಅಮ್ಮ ನನ್ನ ಮೇಲೇ ಸಿಟ್ಟಾದರು. ಸುಡಬಾರದು ಎಂದೇ ಹೋಮ ಮಾಡಿಸಿದ್ದು, ನಿನ್ನ ಅಂಗಡಿಯವನು ಐನೂರು ಹೋಮ ಮಾಡಿಸಿದವನು ತಾನೇ ಹೇಳಿಕಳಿಸಿದ್ದು ಎಂದರು. ನನಗೆ ಆಗ ಗೊತ್ತಾಯಿತು. ಕೂಗಾಡಬೇಕೋ ನಗಬೇಕೋ ತಿಳಿಯದೆ, ಬೆಸುಗೆ ಕಡ್ಡಿಯನ್ನು ಗೋಡೆಗೆ ಎಸೆದೆ.

ಅಪ್ಪ ಮಾತ್ರ ಕಣ್ಣು ಮುಚ್ಚಿ ತಾಳ ಹಾಕುತ್ತಲೇ ಇದ್ದರು. ಹಾಡು ನಿಂತದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ಹೇಳಲು ಹೋದೆ, ಅಮ್ಮ ನನ್ನ ತೋಳು ಹಿಡಿದು ಬೇಡವೆಂದು ತಲೆಯಾಡಿಸಿದರು. ಪುರೋಹಿತರೂ ಮಂತ್ರ ನಿಲ್ಲಿಸಿ ಕೂತರು. ಅನುಪಲ್ಲವಿ, ಚರಣ, ಎಲ್ಲ ಅಪ್ಪನ ತೊಡೆಯ ಮೇಲೆಯೇ ನಡೆದು ಮುಗಿಯಿತು. ಕಣ್ಣು ಬಿಟ್ಟು, "ಚರಣದಲ್ಲಿ ಕಾಲ ಓಡಿಸಿಬಿಟ್ಟಳು. ಬಂದಾಗ ಹೇಳ್ತೀನಿ" ಎಂದರು.

ಸೋಮವಾರ ಕಂಡಕ್ಟರ್ ಟ್ರಾನ್ಸ್‌ಫಾರ್ಮರನ್ನು ಕಾಗದದಲ್ಲಿ ಸುತ್ತಿ ತಂದ. "ಓಮ ಸರಿ ಓಯ್ತಾ ಸಾ?" ಎಂದು ಕೇಳಿದ. ನಾನು ಅದನ್ನು ಇಸಿದುಕೊಂಡೆ.

ಮುಂದಿನ ವಾರ ಅಕ್ಕ ಬಂದಳು. ಆಗಿದ್ದನ್ನೆಲ್ಲ ನಾನು ಬಾಗಿಲಲ್ಲೇ ಅವಳಿಗೆ ಹೇಳಿದ್ದೆ. ಅಪ್ಪ ಅವಳನ್ನು ಎದುರಿಗೆ ಕೂರಿಸಿಕೊಂಡು, ಎತ್ತುಗಡೆ ಚೆನ್ನಾಗಿತ್ತು, ಆಮೇಲೆ ಯಾಕೆ ಅವಸರ ಮಾಡಿದೆ, ನಾನು ಹಾಗೆ ಹೇಳಿಕೊಟ್ಟಿದ್ದೆನೇ ಎಂದು ಗದರಿದರು. ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಅಪ್ಪನ ಕಡೆ ತಿರುಗಿ, ತುಟಿ ನೋಡಿ ತಿಳಿಯಲಿ ಎಂದು ಒಂದೊಂದೇ ಮಾತು ಬಿಡಿಸಿ, "ಹೌದಪ್ಪ, ಸ್ವಲ್ಪ ಓಡ್ತು. ಇನ್ನೊಂದ್ಸಲ ಸರಿ ಮಾಡ್ಕೋತೀನಿ" ಎಂದಳು.