ಎಲ್ಲಿಯವರೆಗೆ ಎಣಿಸಬೇಕು?

ಮಕ್ಕಳೇ, ಗಂಗಾವತಿಯ ಚರ್ಚಿಗೆ ನನ್ನನ್ನು ಸೇರಿಸಿಕೊಂಡ ಭಾನುವಾರ ನಾನು ಏನೋ ಕೇಳಿದ್ದಕ್ಕೆ ಸಭೆಯೆಲ್ಲ ಸುಮ್ಮನಾಯಿತಲ್ಲ, ಅದು ಏನೆಂದು ನೀವು ಮನೆಗೆ ಬಂದು ಕೇಳಿದಿರಿ. ಆಗ ನಾಚಿಕೆಯಾಗಿ ಹೇಳಲಿಲ್ಲ. ಬರೆಯುವುದು ಸುಲಭ.

ನಮ್ಮ ಊರು ತಳಕಲ್ ಕಡೆ. ಅಲ್ಲಿ ಸಭೆ ಚಿಕ್ಕದು, ಚಾಪೆಯ ಮೇಲೆ ಕುಳಿತು ಪ್ರಾರ್ಥನೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮ ಮನೆಗೆ ಬಂದೆ. ಇಲ್ಲಿಯ ಪದ್ಧತಿ ನೋಡಿ ಬೆರಗಾಯಿತು. ತಿಂಗಳ ಮೊದಲ ಭಾನುವಾರ, ಬದುಕಿನಲ್ಲಿ ಏನಾದರೂ ಹೊಸದು ನಡೆದವರನ್ನೆಲ್ಲ ಮುಂದೆ ಕರೆಯುತ್ತಾರೆ. ಶಾಲೆಗೆ ಸೇರಿದ ಕೂಸು ಬಂತು, ನೌಕರಿ ಸಿಕ್ಕ ಹುಡುಗಿ ಬಂದಳು. ನಿವೃತ್ತರಾದ ಬಸ್ ಕಂಡಕ್ಟರ್ ಬಂದರು. ತಲೆಯ ಮೇಲೆ ಪಾಸ್ಟರ್ ಕೈಯಿಟ್ಟಾಗಲೂ ಕಂಡಕ್ಟರ್ ಕಂಬಕ್ಕೆ ಆನಿಕೊಂಡೇ ನಿಂತಿದ್ದರು, ಬಸ್ಸಿನಲ್ಲಿ ನಿಂತ ಹಾಗೆ.

ಆಮೇಲೆ ಹೊಸ ಸದಸ್ಯರ ಸರದಿ. "ಈ ಸಭೀಯವರ ಕೂಡ ಸುಖಾ ದುಃಖಾ ಹಂಚ್ಕೋತೀರೇನ್ರಿ?" ಎಂದು ಪಾಸ್ಟರ್ ಕೇಳಿದರು. ಮೆಲ್ಲಗೆ ಹೂಂ ಅಂದೆ.

"ಅಮ್ಮಾರ ದನಿ ದೇವ್ರಿಗೆ ಒಬ್ಬಂವ್ಗ ಕೇಳ್ತು ನೋಡ್ರಿ," ಎಂದರು ಕಂಡಕ್ಟರ್.

ಎಲ್ಲರೂ ಸಾಲಾಗಿ ಬಂದು ನನ್ನ ಕೈ ಹಿಡಿದರು. ಕುಳಿತು ಉಸಿರು ಬಿಡುವಷ್ಟರಲ್ಲಿ, "ಈ ತಿಂಗಳು ಲಗ್ನದ ದಿನಾ ಇದ್ದವರು ಬರ್ರಿ," ಎಂದರು ಪಾಸ್ಟರ್. ಜೋಡಿಗಳು ಎದ್ದವು.

ನಮ್ಮದೂ ಅದೇ ವಾರ ಇತ್ತು. ಪ್ರತಿ ವರ್ಷ ಆ ದಿನ ಸಂಜೆ ನಿಮ್ಮ ಅಜ್ಜ ಅಂಗಡಿಯಿಂದ ಮಿರ್ಚಿ ಬಜ್ಜಿ, ಒಗ್ಗರಣೆಯ ಮಂಡಾಳು ಕಟ್ಟಿಸಿಕೊಂಡು ಬರುತ್ತಿದ್ದರು. ಯಾಕೆಂದು ಅವರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅವರು ಹೋದ ಮೇಲೂ ಆ ದಿನ ಬರುತ್ತದೆ. ಅದು ಇನ್ನೂ ನನ್ನದೋ, ಅವರ ಜೊತೆಗೇ ಹೋಯಿತೋ? ಯಾರನ್ನು ಕೇಳಬೇಕೆಂದು ತಿಳಿಯದೆ ಕುಳಿತೇ ಇದ್ದೆ.

ಜೋಡಿಗಳ ಕೊನೆಯಲ್ಲಿ ಕೋಲು ಊರಿಕೊಂಡು ಒಬ್ಬ ಮುದುಕರು ಹೋದರು, ಒಬ್ಬರೇ.

"ಇವರ ಹೆಂಡತಿ?" ಎಂದು ನಿಮ್ಮ ಅವ್ವನ ಕಿವಿಯಲ್ಲಿ ಕೇಳಿದೆ.

"ತೀರಿಕೊಂಡು ಭಾಳ ವರ್ಷ ಆತು ಬೇ. ವರ್ಷಾ ಹಿಂಗ ಬರ್ತಾರ."

"ಗಂಡ ಇಲ್ಲದ ಹೆಂಗಸ್ರೂ ಹಿಂಗ ಹೋಗ್ತಾರೇನು?" ಎನ್ನುತ್ತಾ ಎದ್ದೆ.

"ನಾ ಅಂತೂ ನೋಡಿಲ್ಲ. ಯಾಕ? ಎಲ್ಲಿಗೆ ಹೊಂಟಿ?" ಅವಳು ನನ್ನ ಸೆರಗು ಹಿಡಿದಳು.

"ಕೇಳಿ ಬರ್ತೀನಿ, ಬಿಡು."

ಮುಂದೆ ಬಂದ ನನ್ನನ್ನು ನೋಡಿ ಪಾಸ್ಟರ್, "ಅಮ್ಮಾರ, ಹೊಸಬರದು ಮುಗೀತ್ರಿ, ಕುಂದರ್ರಿ," ಎಂದರು.

"ನಂದೂ ಈ ವಾರ ಲಗ್ನದ ದಿನಾ ಐತ್ರಿ."

"ಹೌದೇನ್ರಿ? ಎಷ್ಟು ವರ್ಷ ಆತ್ರಿ?" ಎಲ್ಲ ಜೋಡಿಗಳಿಗೂ ಅವರು ಅದನ್ನೇ ಕೇಳಿದ್ದರು.

"ಎಲ್ಲೀತನಕ ಎಣಸ್ಲಿರಿ? ಅವರು ಇರೋತನಕನೋ, ಇವತ್ತಿನತನಕನೋ?"

ಆಗಲೇ ಸಭೆ ಸುಮ್ಮನಾಗಿದ್ದು. ಪಾಸ್ಟರ್ ಎಳೆಯ ವಯಸ್ಸಿನವರು, ಅವರ ಲಗ್ನವಾಗಿಯೇ ಹೆಚ್ಚು ದಿನವಾಗಿರಲಿಲ್ಲ. ಅವರು ಮುದುಕರ ಕಡೆ ನೋಡಿದರು.

"ನಾ ಇವತ್ತಿನತನಕ ಎಣಸ್ತೀನಿ, ತಂಗಿ," ಎಂದರು ಮುದುಕರು. "ಆಕಿ ಹೋಗ್ಯಾಳ, ಖರೆ. ನಾ ಇನ್ನೂ ಆಕೀ ಗಂಡನ ಅದೀನಲ್ಲ."

ನಾನು ಇವತ್ತಿನವರೆಗೆ ಎಣಿಸಿ ಹೇಳಿದೆ. ಈ ಸಲ ದನಿ ಹಿಂದಿನ ಬೆಂಚಿಗೂ ಕೇಳಿಸಿರಬೇಕು, ಅಲ್ಲಿಂದ ಬಿಳಿ ಸೀರೆಯ ಒಬ್ಬ ಅಜ್ಜಿ ಎದ್ದು ನಿಂತರು.

"ಪಾಸ್ಟರ್, ನಂದು ಹೋದ ತಿಂಗಳಾ ಆಗಿ ಹೋತು. ಈಗ ಬಂದ್ರ ನಡೀತೈತೇನ್ರಿ?"

ಎಲ್ಲರೂ ನಕ್ಕರು. "ಬರ್ರಿ, ಬರ್ರಿ," ಎಂದರು ಪಾಸ್ಟರ್. ಅಜ್ಜಿ ಬಂದು ನನ್ನ ಪಕ್ಕ ನಿಂತು, ಹಿಡಿದ ನನ್ನ ಕೈ ಬಿಡಲೇ ಇಲ್ಲ.

ಆ ವಾರ ಒಂದು ಸಂಜೆ ನಾನು ಮಿರ್ಚಿ, ಮಂಡಾಳು ಕಟ್ಟಿಸಿಕೊಂಡು ಬಂದಾಗ, ಇವತ್ತು ಏನು ವಿಶೇಷ ಎಂದು ಕೇಳಿದಿರಿ. ಇದೇ ಅದು.