ಆಯಾಗಳನ್ನು ಹಿತ್ತಲಲ್ಲಿ ಕೇಳಿದ್ದು

ಎಂಬತ್ತರ ದಶಕದ ಮೊದಲ ವರ್ಷಗಳು. ಎಂ.ಎ. ಮುಗಿಸಿ ಕುಳಿತಿದ್ದ ನನಗೆ ಧಾರವಾಡದ ಪ್ರೊಫೆಸರರೊಬ್ಬರು ತಮ್ಮ ಸಂಶೋಧನೆಗೆ ಮಾಹಿತಿ ತರುವ ಕೆಲಸ ಕೊಟ್ಟರು. ಹಂಗಾಮಿ ಕೆಲಸ. ಆದರೂ ನಮ್ಮ ಮನೆತನದಲ್ಲಿ ಕುಡುಗೋಲು ಬಿಟ್ಟು ಪೆನ್ನಿನಿಂದ ಪಗಾರ ತಂದ ಮೊದಲನೆಯವಳು ನಾನು. ಹಾಗೆ ಹೇಳಿಕೊಳ್ಳಲು ನನಗೆ ಈಗಲೂ ನಾಚಿಕೆಯಿಲ್ಲ. ಅವ್ವ ಮಾಸೂರಿನ ಗದ್ದೆಗಳಲ್ಲಿ ಕಳೆ ತೆಗೆದು ಓದಿಸಿದಳು. ಓಣಿಯವರು "ಹೆಣ್ಣ ಹುಡುಗಿ ಓದಿ ಏನ ಮಾಡ್ತಾಳಬೇ" ಎಂದಾಗಲೆಲ್ಲ, "ನಿಮ್ಮ ಹೊಲದಾಗ ಕಳಿ ತಗಿಯೂದಿಲ್ಲ, ಅಷ್ಟ ಸಾಕು" ಅನ್ನುತ್ತಿದ್ದಳು.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಸಣ್ಣ ನರ್ಸಿಂಗ್ ಹೋಮ್‌ಗಳಿಗೆ ಹೋಗಿ ಆಯಾಗಳನ್ನು ಮಾತಾಡಿಸಬೇಕಿತ್ತು. ಹಾಸಿಗೆ ಹಿಡಿದವರನ್ನು ತೊಳೆದು, ಮಗ್ಗುಲು ತಿರುಗಿಸಿ, ಉಣಿಸುವ ಹೆಣ್ಣುಮಕ್ಕಳು ಅವರು. ಕೇಳುವುದು ರೋಗಿಗಳ ಬಗ್ಗೆ ಅಲ್ಲ, ಅವರು ದುಡಿಯುವ ಜಾಗ ಎಂಥದು ಅಂತ. ಅದನ್ನೂ ಅಳೆಯಬಹುದು ಅನ್ನುವುದೇ ನನಗೆ ಹೊಸ ಸುದ್ದಿ. ಮೇಲಿನವರು ನಿಮ್ಮ ಮಾತು ಕೇಳುತ್ತಾರೆಯೆ? ಬೇಕಾದ ಸಾಮಾನು ಸಿಗುತ್ತದೆಯೆ? ರೋಗಿಯ ಸಂಗತಿ ಒಬ್ಬರಿಗೊಬ್ಬರು ಹೇಳಿಕೊಳ್ಳಲು ಪುರಸೊತ್ತು ಇದೆಯೆ? ಪ್ರತಿಯೊಂದಕ್ಕೂ 'ಯಾವಾಗಲೂ', 'ಒಮ್ಮೊಮ್ಮೆ', 'ಇಲ್ಲ' ಎಂಬುದರಲ್ಲಿ ಒಂದಕ್ಕೆ ಗುರುತು ಹಾಕಬೇಕು.

ಹಾನಗಲ್ಲದಲ್ಲಿ ಎಲ್ಲರೂ ಎಲ್ಲದಕ್ಕೂ 'ಯಾವಾಗಲೂ' ಅಂದರು. "ಎಲ್ಲಾ ಛಲೋ ಐತ್ರಿ ಅಕ್ಕಾರ." ಬೂದಿಯಿಂದ ಕೈ ತಿಕ್ಕಿಕೊಳ್ಳುತ್ತ ನಿಂತವಳೂ ಸಾಬೂನು ಯಾವಾಗಲೂ ಸಿಗುತ್ತದೆ ಎಂದಳು. ಶಿಗ್ಗಾಂವಿಯಲ್ಲೂ ಅದೇ. ಒಬ್ಬಳನ್ನು ಸ್ವಲ್ಪ ಒತ್ತಾಯ ಮಾಡಿದೆ. "ಉಂಡ ಮನಿ ಜಂತಿ ಎಣಸಬಾರದ್ರಿ" ಎಂದು ರೋಗಿಯ ಮಲದ ಪಾಟು ಎತ್ತಿಕೊಂಡು ಹೋದಳು.

ಧಾರವಾಡದಲ್ಲಿ ಪ್ರೊಫೆಸರರು ಹಾಳೆಗಳನ್ನು ತಿರುವಿ ತಿರುವಿ ನೋಡಿದರು.

"ಎಲ್ಲಾರೂ ಒಂದ ಥರಾ ಹೇಳ್ತಾರೇನು?"

"ಹೌದ್ರಿ ಸರ್."

"ನಿನಗಿಂತ ಮೊದಲ ಒಬ್ಬ ಹುಡುಗ ಇದ್ದ. ಚಹಾದಂಗಡಿಯೊಳಗ ಕೂತು ತಾನ ಬರಕೊಂಡು ಬರ್ತಿದ್ದ. ಬಿಡಿಸಿದೆ." ಆಮೇಲೆ ಮೆಲ್ಲಗೆ ಹೇಳಿದರು: "ಹಿರೇಕೆರೂರಿಗೆ ನಾನೂ ಬರ್ತೇನಿ. ನಾನ ಕೇಳ್ತೇನಿ. ಆಮ್ಯಾಲೆ ನಿನ್ನ ವಿಷಯ ನೋಡೋಣ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಆದರೆ ಸುಳ್ಳು ಬರೆದವಳು ಎಂಬ ಹೆಸರು ಬಂದರೆ ಧಾರವಾಡದಲ್ಲಿ ಯಾರು ಕೆಲಸಕ್ಕೆ ಕರೆಯುತ್ತಾರೆ? ಅವ್ವನಿಗೆ ಏನೂ ಹೇಳಲಿಲ್ಲ.

ನಡುವೆ ಸವಣೂರಿನ ಸರದಿ. ಅಲ್ಲಿ ವಯಸ್ಸಾದ ಆಯಾ ಒಬ್ಬಳು ಹಿತ್ತಲಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, ಎಲ್ಲದಕ್ಕೂ 'ಯಾವಾಗಲೂ' ಅಂದು ಮುಗಿಸಿ, ನನ್ನನ್ನೇ ಕೇಳಲು ಶುರುಮಾಡಿದಳು.

"ಲಗ್ನ ಆಗೈತೇನ್ರಿ ಅಕ್ಕಾರ?"

"ಇಲ್ಲ. ಒಂದ್ ಮನಿ ನೋಡ್ಯಾರ."

"ವಿಚಾರಸ್ಯಾರೇನು? ನೀರು ಎಷ್ಟ ದೂರ, ಅತ್ತಿ ಬಾಯಿ ಹೆಂಗ, ಮೈಯಾಗ ಹುಷಾರಿಲ್ದಾಗ ಮಲಗಾಕ ಬಿಡ್ತಾರೋ ಇಲ್ಲೋ? ಮುಂದಿನ ಬಾಗಲದಾಗ ಕೇಳಬ್ಯಾಡ್ರಿ ಮತ್ತ. ಅಲ್ಲಿ ಎಲ್ಲಾ ಬಂಗಾರನ."

ನಮ್ಮ ಕಡೆ ಇದೊಂದು ಕಟ್ಟುನಿಟ್ಟು. ಹೆಣ್ಣನ್ನು ಯಾವ ಮನೆಗೆ ಕೊಡಬೇಕೆಂದಿದ್ದಾರೋ ಆ ಮನೆಯ ಬಗ್ಗೆ ಯಾರಾದರೂ ವಿಚಾರಿಸಲು ಬಂದರೆ, ಅದು ತಮ್ಮ ಬೀಗರ ಮನೆಯಾದರೂ ಸರಿ, ಇದ್ದದ್ದು ಹೇಳಬೇಕು. ಮುಚ್ಚಿಟ್ಟರೆ ಹೆಣ್ಣಿನ ಕಣ್ಣೀರು ತಟ್ಟುತ್ತದೆ ಅನ್ನುತ್ತಾರೆ. ನನಗೆ ತಟ್ಟನೆ ಹೊಳೆಯಿತು.

"ಆಯಾರ, ನಿಮ್ಮ ಗುರುತಿನಾಕಿ ಒಬ್ಬಾಕಿ ತನ್ನ ಮಗಳನ್ನ ಈ ದವಾಖಾನಿ ಕೆಲಸಕ್ಕ ಹಚ್ಚಬೇಕಂತ ವಿಚಾರಿಸಾಕ ಬಂದ್ರ ಏನ ಹೇಳ್ತೀರಿ?"

ಅವಳು ಅಗಿಯುವುದನ್ನು ನಿಲ್ಲಿಸಿದಳು. "ಮಗಳ ವಿಷಯ ಅಂದ್ರ ಖರೇನ ಹೇಳಬೇಕಲ್ರಿ," ಎಂದು ಎಲೆ ಅಡಿಕೆ ಉಗುಳಿದಳು. ಆಮೇಲೆ ಬಾಯಿ ಬಿಚ್ಚಿದಳು. ಡಾಕ್ಟರು ಒಳ್ಳೆಯವರು, ಆದರೆ ಆಯಾ ಮಾತಾಡಿದರೆ ಗೋಡೆ ಕಡೆ ನೋಡುತ್ತಾರೆ. ಮುದುಕರ ಬೆನ್ನಿಗೆ ಹುಣ್ಣು ಏಳುತ್ತಿದೆ ಅಂತ ಹೇಳಿದರೆ ಸಿಸ್ಟರು "ನೀ ಯಾವಾಗ ಡಾಕ್ಟರಾದಿ" ಅನ್ನುತ್ತಾರೆ. ಜೊತೆಯ ಆಯಾ ಮಾತ್ರ ಒಡಹುಟ್ಟಿದವಳಂತೆ. ಅದೇ ಪ್ರಶ್ನೆಗಳನ್ನು, ಅದೇ ಶಬ್ದಗಳಲ್ಲಿ, ಮತ್ತೆ ಓದಿದೆ. ಈ ಸಲ ಗುರುತುಗಳು 'ಯಾವಾಗಲೂ', 'ಒಮ್ಮೊಮ್ಮೆ', 'ಇಲ್ಲ' ಮೂರರಲ್ಲೂ ಬಿದ್ದವು.

ಹಿರೇಕೆರೂರಿಗೆ ಹೋದ ದಿನ ಸಂತೆ. ಡಾಕ್ಟರು ಪ್ರೊಫೆಸರರಿಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, ತಾವೇ ಹಿಂದೆ ನಿಂತರು. ಒಬ್ಬ ಆಯಾಳನ್ನು ಕರೆಸಿದರು. ಪ್ರೊಫೆಸರರು ಕೇಳಿದರು.

"ಯಾವಾಗಲೂರಿ ಸಾಹೇಬ್ರ."

ಎರಡನೆಯವಳೂ ಹಾಗೇ ಅಂದಳು. ಮೂರನೆಯವಳೂ ಅದನ್ನೇ ಅಂದಾಗ ಅವರು ಬೇರೆ ರೀತಿ ಕೇಳಿದರು: "ನಿಮಗ ಏನಾರ ತ್ರಾಸ ಐತೇನು?"

"ಇಲ್ರಿ. ತಮ್ಮಂಥಾ ದೊಡ್ಡವರು ಬಂದ್ರಿ, ಇದ್ದ ತ್ರಾಸೂ ಹೋತು."

ಪ್ರೊಫೆಸರರ ಪೆನ್ಸಿಲ್ ನಿಂತಿತು. ನನ್ನ ಕಡೆ ನೋಡಿದರು. ನನ್ನ ಎದೆ ಮೇಲಿದ್ದ ಕಲ್ಲು ಅರ್ಧ ಸರಿದಿತ್ತು.

ಅಷ್ಟರಲ್ಲಿ ಸಂತೆಯಿಂದ ಕಾಲು ಮುರಿದುಕೊಂಡವನೊಬ್ಬನನ್ನು ಹೊತ್ತು ತಂದರು, ಡಾಕ್ಟರು ಒಳಗೆ ಹೋದರು. ಮೂರನೆಯ ಆಯಾ ಹಿತ್ತಲಿಗೆ ಬಟ್ಟೆ ಒಗೆಯಲು ಹೋದಳು. ನಾನು ಹಿಂದೆ ಹೋದೆ, ನನ್ನ ಹಿಂದೆ ಪ್ರೊಫೆಸರರು. ಹೆಣ್ಣು ಕೊಡುವ ಮುಂಚೆ ಮನೆ ವಿಚಾರಿಸಿದ ಹಾಗೆ, ನಾನು ಮಗಳನ್ನು ಕೆಲಸಕ್ಕೆ ಹಚ್ಚುವ ತಾಯಿಯ ಮಾತು ತೆಗೆದೆ. ಆಕೆ ಪ್ರೊಫೆಸರರನ್ನು ಮೇಲಿಂದ ಕೆಳಗೆ ನೋಡಿದಳು.

"ಇವ್ರು ಯಾರ ಕಡೆಯವ್ರಬೇ, ವರನ ಕಡೆಯವ್ರಾ, ಕನ್ಯಾದ ಕಡೆಯವ್ರಾ?"

"ಕನ್ಯಾದ ಕಡೆಯವ್ರ," ಅಂದೆ. "ಡಾಕ್ಟರಿಗೆ ಒಂದ್ ಮಾತೂ ಮುಟ್ಟೂದಿಲ್ಲ."

"ಹಂಗಾರ ಕುಂದ್ರಲಿ."

ಪ್ರೊಫೆಸರರು ಒಗೆಯುವ ಕಲ್ಲಿನ ಅಂಚಿಗೆ, ಧೋತರ ಒದ್ದೆ ಮಾಡಿಕೊಂಡು ಕುಳಿತರು. ಆಕೆ ಬಟ್ಟೆ ಬಡಿಯುತ್ತಲೇ ಹೇಳಿದಳು. ಆಕೆಯ ಮಾತು ಮುಗಿದ ಮೇಲೆ ಆ ಮೂರು ಪ್ರಶ್ನೆಗಳನ್ನು ಪ್ರೊಫೆಸರರೇ ಮತ್ತೆ ಓದಿದರು, ತಾವೇ ಗುರುತು ಹಾಕಿಕೊಂಡರು. ಮೊದಲು ಹಾಕಿದ ಗುರುತುಗಳಲ್ಲಿ ಒಂದೂ ಉಳಿಯಲಿಲ್ಲ.

ಸಂಜೆ ಹಾವೇರಿ ಬಸ್ಸಿನಲ್ಲಿ ಅವರು ಆ ದಿನದ ಹಾಳೆಗಳನ್ನು ಮತ್ತೆ ಮತ್ತೆ ತಿರುವಿದರು.

"ಹಾನಗಲ್ಲದ ಹಾಳಿ ನೀನ ಬರದಿ ಅಂತ ತಿಳದಿದ್ದೆ," ಅಂದರು ಕೊನೆಗೆ.

"ಗೊತ್ತಿತ್ರಿ."

"ಅಲ್ಲಿಗೂ ಶಿಗ್ಗಾಂವಿಗೂ ಇನ್ನೊಮ್ಮೆ ಹೋಗಬೇಕಾಗ್ತದ. ಹಿತ್ತಲದಾಗ ಕೇಳಬೇಕು. ಹೋಗ್ತೀಯೇನು?"

"ಹೋಗ್ತೇನ್ರಿ ಸರ್."

ಬಸ್ಸಿನ ತುಂಬ ಹತ್ತಿಯ ಅಂಡಿಗೆಗಳು, ಕೋಳಿ, ಮಕ್ಕಳ ಅಳು. ಅಷ್ಟೂ ಗದ್ದಲದಲ್ಲಿ ಕಿಟಕಿಯ ಸರಳಿಗೆ ತಲೆ ಆನಿಸಿ ಹಾವೇರಿ ಬರುವವರೆಗೂ ಮಲಗಿದೆ. ಎಷ್ಟೋ ದಿನಗಳಿಂದ ಅಂಥ ನಿದ್ದೆ ಮಾಡಿರಲಿಲ್ಲ.