ಮೇಲೂರಿನ ಬೀದಿಯಲ್ಲಿ ಕೂತ ಗಾಡಿ

ನಮ್ಮ ಮನೆಯ ದೊಡ್ಡ ಗಾಡಿಗೆ ಒಂದು ಅಭ್ಯಾಸ. ಅದು ಕೂರುತ್ತದೆ. ಕೆಟ್ಟು ನಿಲ್ಲುವ ಗಾಡಿಗಳನ್ನು ಎಲ್ಲರೂ ನೋಡಿದ್ದಾರೆ; ಕೆಟ್ಟು ಕೂರುವ ಗಾಡಿ ಮಂಡಿಕಲ್ ಸುತ್ತಮುತ್ತ ನಮ್ಮದೊಂದೇ. ಬೇರೆ ಗಾಡಿಗಳಲ್ಲಿ ಚಕ್ರದ ಹತ್ತಿರ ಕಬ್ಬಿಣದ ಸ್ಪ್ರಿಂಗು ಇರುವ ಜಾಗದಲ್ಲಿ ಇದಕ್ಕೆ ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಗುಂಡಿ ಒತ್ತಿದರೆ ಮೈ ಎತ್ತಿಕೊಂಡು ಬಂಡೆ ಹತ್ತಬೇಕು, ಹಳ್ಳ ದಾಟಬೇಕು, ಅದಕ್ಕಾಗಿ ಆ ಏರ್ಪಾಡು. ಆದರೆ ಮನಸ್ಸು ಬಂದಾಗ ಇದು ಚೀಲದ ಗಾಳಿಯನ್ನೆಲ್ಲ ಉಸ್ಸೆಂದು ಬಿಟ್ಟು, ನೆಲಕ್ಕಿಳಿದು, ಮೆಲುಕು ಹಾಕುವ ಎಮ್ಮೆಯ ಹಾಗೆ ಕೂತುಬಿಡುತ್ತದೆ. ಮತ್ತೆ ಯಾವಾಗ ಏಳುತ್ತದೆ ಎಂಬುದು ಅದರ ಇಷ್ಟ.

ಇದನ್ನು ಬೆಂಗಳೂರಿನ ಒಬ್ಬ ಶ್ರೀಮಂತರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡೆ. ಕೀಲಿ ನನ್ನ ಕೈಗೆ ಕೊಡುವಾಗ ಅವರ ಮುಖದಲ್ಲಿ ದೊಡ್ಡ ನೆಮ್ಮದಿ ಇತ್ತು. ಅದನ್ನು ನಾನು ಸಜ್ಜನಿಕೆ ಎಂದುಕೊಂಡೆ. ಸೇವಂತಿಗೆ ಬೆಳೆಯುವವನಿಗೆ ಇಂಥ ಗಾಡಿ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಆಸೆ ಇತ್ತು, ಅಷ್ಟೇ. ಗೇರಿನ ಪಕ್ಕ ಒಂದು ದುಂಡನೆಯ ತಿರುಪು ಇದೆ, ಅದರ ಸುತ್ತ ಚಿತ್ರಗಳಿವೆ: ಮರಳು, ಕೆಸರು, ಬಂಡೆ, ಹಿಮ. ಹಿಮಕ್ಕೆ ತಿರುಗಿಸಿದರೆ ನಮ್ಮೂರ ಬೇಸಿಗೆಯಲ್ಲೂ ಅದು ಜಾರಿ ಬೀಳುವ ಭಯದಲ್ಲಿರುವವರಂತೆ ಹುಷಾರಾಗಿ ಹೆಜ್ಜೆ ಇಡುತ್ತದೆ. ಕೊಂಡ ಹೊಸದರಲ್ಲಿ ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ.

“ಚಿಕ್ಕಬಳ್ಳಾಪುರಕ್ಕೆ ಹೋಗಿ ಬರೋಕೆ ಚಿತ್ರ ಇಲ್ವೇನ್ರೀ?” ಎಂದಳು.

ಇರಲಿಲ್ಲ. ಚಿಂತಾಮಣಿಯಲ್ಲಿ ಟೊಮೆಟೊ ಮಂಡಿಯ ಎದುರು ಅದು ಕೂತಾಗ ಹಮಾಲರೆಲ್ಲ ಸುತ್ತ ನಿಂತು, “ಏಮಪ್ಪಾ, ಲೇಸ್ತುಂದಾ?” ಎಂದು ತೆಲುಗಿನಲ್ಲಿ ಕೇಳಿದರು. ಏಳುತ್ತದೆಯೋ ಇಲ್ಲವೋ ನನಗೇ ಗೊತ್ತಿಲ್ಲದಿದ್ದರೂ, ಬೇಕೆಂದೇ ಕೂರಿಸಿದ್ದೇನೆ ಎಂದು ಹೇಳಿದೆ. ಗೌರಿಬಿದನೂರಿನಲ್ಲಿ ಒಂದು ಛತ್ರದ ಬಾಗಿಲಲ್ಲಿ ಕೂತಾಗ, ಫೋಟೋಗೆಂದು ಬಾಡಿಗೆಗೆ ತಂದ ಗಾಡಿ ಎಂದುಕೊಂಡು ಗೊತ್ತಿಲ್ಲದ ಗಂಡು ಹೆಣ್ಣು ಅದಕ್ಕೆ ಒರಗಿ ಚಿತ್ರ ತೆಗೆಸಿಕೊಂಡರು. ಫೋಟೋದವನು ನನಗೆ ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದ. ಸರಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಯಾರು ಏನೇ ಅಂದರೂ ಆ ಗಾಡಿಯನ್ನು ಮಾರಲು ನನಗೆ ಮನಸ್ಸಾಗಲಿಲ್ಲ.

ನನಗೆ ಒಬ್ಬಳೇ ತಂಗಿ. ಚಿಕ್ಕಬಳ್ಳಾಪುರದ ಒಂದು ಬ್ಯಾಂಕಿನಲ್ಲಿ ಕೆಲಸ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ನನ್ನ ಜೊತೆಯಲ್ಲೇ ಇದ್ದಳು. ಒಂದು ದಿನ ಅವರೆಕಾಯಿ ಬಿಡಿಸುತ್ತಾ ಕೂತಿದ್ದವಳು ತಲೆ ಎತ್ತದೆಯೇ, ಮೇಲೂರಿನ ಹುಡುಗನೊಬ್ಬನಿದ್ದಾನೆ, ಶಿಡ್ಲಘಟ್ಟದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, “ನಂಗೆ ಒಪ್ಗೆ ಅಣ್ಣ” ಎಂದಳು. ನನಗೂ ಒಪ್ಪಿಗೆಯೇ. ಆದರೆ ನಮ್ಮ ಮನೆಯಲ್ಲಿ ನನ್ನ ಒಪ್ಪಿಗೆಗೆ ಉಪ್ಪಿನಕಾಯಿಯಷ್ಟೇ ಬೆಲೆ. ಊಟ ದೊಡ್ಡಪ್ಪನ ಕೈಯಲ್ಲಿತ್ತು.

ದೊಡ್ಡಪ್ಪ ಎಂದರೆ ಅಪ್ಪನ ಅಣ್ಣ, ಮನೆತನಕ್ಕೆಲ್ಲ ಹಿರಿಯ. ಹುಡುಗನ ಬಗ್ಗೆ ಅವರ ತಕರಾರು ಏನೂ ಇರಲಿಲ್ಲ. ತಕರಾರು ಇದ್ದದ್ದು ಹುಳುವಿನ ಬಗ್ಗೆ. ಆ ಮನೆಯವರು ರೇಷ್ಮೆ ಸಾಕುವವರು.

“ಹುಳ ಇರೋ ಮನೇಲಿ ಹಬ್ಬ ಇಲ್ಲ, ನಿದ್ದೆ ಇಲ್ಲ ಕಣೋ. ಹುಳ ಉಂಡ ಮೇಲೆ ಮನುಷ್ಯರು ಉಣ್ಬೇಕು. ನಮ್ಮುಡುಗೀನ ಹುಳಕ್ಕೆ ಅಡುಗೆಯವಳು ಮಾಡಿ ಕಳ್ಸಲ್ಲ ನಾನು.”

ಆದರೂ ಮನೆ ನೋಡಲು ಬನ್ನಿ ಎಂದು ಅವರು ಕರೆದಿದ್ದರು. ಕರೆದ ಮೇಲೆ ಹೋಗದಿದ್ದರೆ ಮರ್ಯಾದೆಯಲ್ಲ. ಹೋಗುವುದು, ಕಾಫಿ ಕುಡಿಯುವುದು, ‘ಮನೆಗೆ ಹೋಗಿ ತಿಳಿಸ್ತೀವಿ’ ಎನ್ನುವುದು, ಆಮೇಲೆ ತಿಳಿಸದೇ ಇರುವುದು, ಇದು ದೊಡ್ಡಪ್ಪನ ಲೆಕ್ಕ. ನಮ್ಮಲ್ಲಿ ಮಾತು ಕೂಡುವ ತನಕ ಗಂಡಿನ ಮನೆಯಲ್ಲಿ ಕಾಫಿ, ಬಾಳೆಹಣ್ಣು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಉಂಡು ಅವರ ಬಚ್ಚಲಲ್ಲಿ ಕೈ ತೊಳೆದರೆ ಹೆಣ್ಣು ಕೊಟ್ಟ ಹಾಗೆಯೇ. ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ, ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಕೈ ನಡುಗುತ್ತದೆ. ಹಾಗಿದ್ದೂ ಹಿಂದೆ ಯಾವುದೋ ಮನೆಯಿಂದ ಕೈ ನಡುಗಿಸಿಕೊಂಡೇ ಹಿಂದಿರುಗಿದ್ದರೇ ಹೊರತು ಒಂದು ತುತ್ತು ಬಾಯಿಗಿಟ್ಟಿರಲಿಲ್ಲ.

ಮೂರು ಜನ ಹೋದರೆ ಕೆಲಸ ಕೆಡುತ್ತದೆ ಎನ್ನುತ್ತಾರೆ. ದೊಡ್ಡಪ್ಪನಿಗೆ ಕೆಡುವುದೇ ಬೇಕಾಗಿದ್ದರಿಂದ ಅವರು, ನಾನು, ನನ್ನ ಹೆಂಡತಿ, ಮೂರೇ ಜನ ಹೊರಟೆವು. ನನ್ನ ಗಾಡಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಹೋಗೋಣ ಎಂದೆ.

“ಹೂಂ ಅನ್ನೋಕೆ ಹೋಗೋನು ಬಸ್ಸಲ್ಲಿ ಹೋಗ್ಬಹುದು. ಇಲ್ಲ ಅನ್ನೋಕೆ ಹೋಗೋನು ದೊಡ್ಡ ಗಾಡೀಲೇ ಹೋಗ್ಬೇಕು. ತೆಗಿ ನಿನ್ ಸೋಫಾ ಸೆಟ್ನ,” ಎಂದರು.

ತಂಗಿ ಚಕ್ರಗಳಿಗೆ ನಿಂಬೆಹಣ್ಣು ಇಟ್ಟಳು. ಅವಳ ಕಣ್ಣು ಊದಿಕೊಂಡಿತ್ತು, ರಾತ್ರಿಯೆಲ್ಲ ಅತ್ತಿದ್ದಳು. ಅದನ್ನು ನೋಡಿಯೂ ನನಗೆ ದೊಡ್ಡಪ್ಪನ ಎದುರು ಬಾಯಿ ಬಿಡುವ ಧೈರ್ಯ ಬರಲಿಲ್ಲ. ಹೊರಡುವ ಮುಂಚೆ ಅವಳು ಬಾನೆಟ್ಟಿನ ಮೇಲೆ ಕೈಯಿಟ್ಟು, ಬಗ್ಗಿ, ಅದಕ್ಕೆ ಏನೋ ಹೇಳಿದಳು. ಸುಖವಾಗಿ ಹೋಗಿ ಬಾ ಎಂದಿರಬೇಕು ಎಂದುಕೊಂಡೆ.

ದಾರಿಯಲ್ಲಿ ಗಾಡಿ ಬಂಗಾರದಂತೆ ನಡೆಯಿತು. ಒಂದು ದೀಪವೂ ಮಿನುಗಲಿಲ್ಲ. ಮೇಲೂರಿನಲ್ಲಿ ಹುಡುಗನ ಮನೆಯ ಬೀದಿ ಇಕ್ಕಟ್ಟು. ಆಚೆಯೇ ನಿಲ್ಲಿಸೋಣ ಎಂದರೆ ದೊಡ್ಡಪ್ಪ ಕೇಳಲಿಲ್ಲ. “ಬಾಗಿಲ ಮುಂದಕ್ಕೇ ತಗೊಂಡು ಹೋಗೋ. ನೋಡ್ಲಿ.” ಬೀದಿಯ ಮಧ್ಯೆ ಚರಂಡಿಗೆ ಹಾಕಿದ ಒಂದು ಕಲ್ಲು ಚಪ್ಪಡಿ ಒಂದು ಗೇಣಿನಷ್ಟು ಎದ್ದುಕೊಂಡಿತ್ತು. ಗಾಡಿಯನ್ನು ಎತ್ತರಿಸಿ ಠೀವಿಯಿಂದ ಅದನ್ನು ದಾಟಿ, ಅವರ ಬಾಗಿಲಿಗೇ ನಿಲ್ಲಿಸಿದೆ. ಆಮೇಲೆ ಎರಡೂ ಕಡೆಯ ಗೋಡೆಗೂ ಗಾಡಿಗೂ ನಡುವೆ ಒಂದು ಬೆಕ್ಕು ಹೋಗುವಷ್ಟು ಜಾಗ ಉಳಿಯಿತು. ನಾವು ಮೈ ಒತ್ತಿಕೊಂಡು ಇಳಿದೆವು.

ಕಾಫಿ ಆಯಿತು, ಬಾಳೆಹಣ್ಣು ಆಯಿತು. ಹುಡುಗನ ತಂದೆ ಮಾತು ಕಮ್ಮಿಯ ಮನುಷ್ಯ. ಹುಡುಗ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಮೂಲೆಯಲ್ಲಿ ನಿಂತಿದ್ದ. ಅವನ ಅಜ್ಜಿ ಮಾತ್ರ ನಮ್ಮ ಎದುರೇ ಕೂತು, “ಭೋಂಚೇಸಿ ಪೋಂಡಪ್ಪಾ, ಉಂಡ್ಕೊಂಡೇ ಹೋಗಿ,” ಎಂದು ತೆಲುಗಿನಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ ಹೇಳುತ್ತಲೇ ಇದ್ದರು. ಒಳಗಿಂದ ಹಿತಕಿದ ಬೇಳೆ ಸಾರಿನ ವಾಸನೆ ಬರುತ್ತಿತ್ತು. ಸೊಗಡಿನ ಅವರೆ ಅದು. ದೊಡ್ಡಪ್ಪನ ಮೂಗು ಒಮ್ಮೆ ಅರಳಿ ಮುಚ್ಚಿಕೊಂಡಿತು.

“ಮನೆಗೆ ಹೋಗಿ ತಿಳಿಸ್ತೀವಿ,” ಎಂದು ಅವರು ಎದ್ದರು. ಆ ಮಾತಿನ ಅರ್ಥ ಆ ಮನೆಯವರಿಗೂ ಗೊತ್ತಿತ್ತು. ಹುಡುಗ ನೆಲ ನೋಡಿದ. ನನಗೆ ತಂಗಿಯ ಊದಿದ ಕಣ್ಣು ನೆನಪಾಯಿತು.

ಹೊರಗೆ ಬಂದರೆ ಗಾಡಿ ಕೂತಿತ್ತು.

ಸಾಧಾರಣವಾಗಿ ಕೂತಿರಲಿಲ್ಲ, ಮೊಣಕಾಲು ಮಡಚಿ, ಹೊಟ್ಟೆ ನೆಲಕ್ಕೆ ಹಚ್ಚಿ, ಇನ್ನು ಇಲ್ಲೇ ನನ್ನ ಸಂಸಾರ ಎನ್ನುವಂತೆ ಕೂತಿತ್ತು. ಗುಂಡಿ ಒತ್ತಿದೆ. ತಿರುಪನ್ನು ಬಂಡೆಗೂ ಕೆಸರಿಗೂ ತಿರುಗಿಸಿದೆ. ಮುಂದೆ ಹೋದರೆ ಬೀದಿ ಅಲ್ಲಿಗೇ ಮುಗಿಯುತ್ತದೆ, ಹಿಂದಕ್ಕೆ ತೆಗೆಯೋಣವೆಂದರೆ ಆ ಚಪ್ಪಡಿ ಹೊಟ್ಟೆಗೆ ಬಡಿಯುತ್ತದೆ. ಬೆಟ್ಟ ಹತ್ತುತ್ತದೆಂದು ಕೊಂಡ ಗಾಡಿಗೆ ಚರಂಡಿ ದಾಟಲಾಗಲಿಲ್ಲ.

“ಬಸ್ಸಲ್ಲೇ ಹೋಗಣ,” ಎಂದರು ದೊಡ್ಡಪ್ಪ. ಅಷ್ಟರಲ್ಲಿ ಬೀದಿಯ ತುದಿಗೆ ಹಿಪ್ಪುನೇರಳೆ ಸೊಪ್ಪು ತುಂಬಿದ ಟ್ರ್ಯಾಕ್ಟರ್ ಬಂದು ನಿಂತಿತು. ಹುಳುಮನೆ ಇದ್ದದ್ದು ನಮ್ಮ ಗಾಡಿಯ ಆಚೆಗೆ. ಹುಳು ಗೂಡು ಕಟ್ಟುವ ಮುಂಚಿನ ದಿನಗಳು ಅವು. ಆಗ ಅವುಗಳ ಹಸಿವು ಹೇಳತೀರದು, ಸೊಪ್ಪು ತಡವಾದರೆ ಬೆಳೆಯೇ ಕೆಡುತ್ತದೆ. ಹುಡುಗನ ತಂದೆ ಗಾಡಿಯನ್ನು ನೋಡಿದರು, ಟ್ರ್ಯಾಕ್ಟರನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಅದು ಅವರ ದೊಡ್ಡತನ.

ಹುಡುಗ ಬಿಳಿ ಅಂಗಿಯಲ್ಲೇ ಟ್ರ್ಯಾಕ್ಟರ್ ಹತ್ತಿದ. ಒಂದು ಹೊರೆ ಎತ್ತಿ ತಂದು ನಮ್ಮ ಗಾಡಿಯ ನೆತ್ತಿಯ ಮೇಲಿಂದ ಆ ಕಡೆಗೆ ದಾಟಿಸಿದ. ಗಾಡಿ ಕೂತಿದ್ದರಿಂದ ಕೈಗೆ ನಿಲುಕಿತು. ಆ ಮಟ್ಟಿಗೆ ಅದರ ಉಪಕಾರವೂ ಇತ್ತು. ಆ ಕಡೆ ಹುಡುಗನ ತಂದೆ ಇಸಿದುಕೊಂಡರು. ಎರಡನೆಯ ಹೊರೆಗೆ ನಾನೂ ಕೈ ಹಾಕಿದೆ. ನನ್ನ ಕೈಯಿಂದ ಅದು ಬಿಚ್ಚಿಕೊಂಡು ಗಾಜಿನ ಮೇಲೆಲ್ಲ ಚೆಲ್ಲಿತು. ದೊಡ್ಡಪ್ಪ ಸ್ವಲ್ಪ ಹೊತ್ತು ಸಹಿಸಿದರು. ಜೀವಮಾನವೆಲ್ಲ ಹೊಲದಲ್ಲಿ ಕಳೆದವರ ಎದುರು ಸೊಪ್ಪು ಬಿಸಿಲಿಗೆ ಬಾಡುತ್ತಿತ್ತು.

“ಸರಿಯೋ ಆಚೆಗೆ. ಹೂವಿನ ಕುಕ್ಕೆ ಅಂದ್ಕೊಂಡಿದೀಯಾ,” ಎಂದು ನನ್ನನ್ನು ತಳ್ಳಿ, ಪಂಚೆ ಎತ್ತಿ ಕಟ್ಟಿ, ತಾವೇ ನಿಂತರು. ಹುಡುಗ ಎತ್ತಿಕೊಡುವುದು, ದೊಡ್ಡಪ್ಪ ದಾಟಿಸುವುದು. ಇಬ್ಬರಿಗೂ ತಾಳ ಕೂಡಿತು. ಟ್ರ್ಯಾಕ್ಟರ್ ಖಾಲಿಯಾಗುವ ಹೊತ್ತಿಗೆ ಹುಡುಗನ ಬಿಳಿ ಅಂಗಿ ಹಸಿರಾಗಿತ್ತು, ದೊಡ್ಡಪ್ಪನ ಕೈ ನಡುಗುತ್ತಿತ್ತು. ಬೆಳಗಿನ ಮಾತ್ರೆ ನುಂಗಿದ್ದರು, ಊಟದ ಹೊತ್ತು ಮೀರಿತ್ತು. ಅವರು ಹೋಗಿ ಗಾಡಿಯೊಳಗೆ ಕೂತರು.

“ಒಳಕ್ಕೆ ಬನ್ನಪ್ಪಾ, ಒಂದು ಮುದ್ದೆ ಉಣ್ಣಿ,” ಎಂದರು ಅಜ್ಜಿ.

“ಬೇಡಮ್ಮ. ನಿಮ್ಮ ಮನೇಲಿ ಉಣ್ಣೋ ಹಾಗಿಲ್ಲ.”

ಅಜ್ಜಿ ಗಾಡಿಯ ಕಡೆ ಕೈ ತೋರಿಸಿದರು. “ಅದು ಯಾರ ಗಾಡಿ?”

“ನಮ್ದು.”

“ಮತ್ತೆ ನಿಮ್ಮ ಗಾಡೀಲಿ ಉಣ್ಣೋಕೇನು? ಅದು ನಮ್ಮ ಮನೆ ಹೆಂಗಾಯ್ತದೆ?”

ದೊಡ್ಡಪ್ಪ ನನ್ನ ಮುಖ ನೋಡಿದರು. “ಅಲ್ವಾ ದೊಡ್ಡಪ್ಪ,” ಎಂದೆ. ಶಾಸ್ತ್ರಕ್ಕೆ ಸರಿಹೋಯಿತು. ದೊಡ್ಡ ತಟ್ಟೆಯಲ್ಲಿ ಹಬೆಯಾಡುವ ಮುದ್ದೆ, ಹಿತಕಿದ ಬೇಳೆ ಸಾರು ಬಂತು. ದೊಡ್ಡಪ್ಪ ಆ ಚರ್ಮದ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಂಡರು. ಇನ್ನೊಂದು ಮುದ್ದೆ ಬಂತು, ಅದನ್ನೂ ಉಂಡರು. ಸಾರಿನ ಒಂದು ಹನಿ ಸೀಟಿನ ಹೊಲಿಗೆಯೊಳಗೆ ಇಳಿಯಿತು. ಒರೆಸಲು ಹೋದ ಕೈಯನ್ನು ತಂಗಿಗೋಸ್ಕರ ಹಿಂದಕ್ಕೆ ತಂದೆ. ಊಟ ಮುಗಿದ ಮೇಲೆ ಅವರು ಕೈ ಚಾಚಿ, “ನೀರು ಕೊಡಮ್ಮ,” ಎಂದರು.

ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಅವರು ತಟ್ಟೆ ತಂದಿದ್ದರು, ಮಜ್ಜಿಗೆ ತಂದಿದ್ದರು; ಕೈ ತೊಳೆಯುವ ಚೊಂಬನ್ನು ಮಾತ್ರ ತಂದಿರಲಿಲ್ಲ. “ನೀರು ಬಚ್ಚಲಲ್ಲಿದೆಯಪ್ಪಾ,” ಎಂದರು.

“ಲೋ, ಗಾಡೀಲಿ ನೀರಿಲ್ವೇನೋ?”

ಬಾಟಲಿ ನನ್ನ ಬಾಗಿಲಿನ ಗೂಡಿನಲ್ಲೇ ಇತ್ತು. ಸ್ಟೀರಿಂಗಿನ ಎದುರು ಕೂತಿದ್ದ ನಾನು ಅದನ್ನು ಮೆಲ್ಲಗೆ ತೆಗೆದು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದೆ. ನನ್ನ ಹೆಂಡತಿ ನೋಡಿದಳು. ಮದುವೆಯಾದಾಗಿನಿಂದ ಅವಳು ನನ್ನನ್ನು ಅಷ್ಟು ಗೌರವದಿಂದ ನೋಡಿದ್ದು ಅದೇ ಮೊದಲು.

“ಇಲ್ಲ ದೊಡ್ಡಪ್ಪ,” ಎಂದೆ.

ಅವರು ಎಂಜಲು ಕೈಯನ್ನು ಎತ್ತಿ ಹಿಡಿದುಕೊಂಡು ಬೀದಿಯ ಆ ಕಡೆ ಈ ಕಡೆ ನೋಡಿದರು. ಸಾರು ಒಣಗುತ್ತಿತ್ತು. ಕೊನೆಗೆ ಗೋಡೆಗೆ ಮೈ ಒತ್ತಿಕೊಂಡು ಇಳಿದು, ಹೊಸಿಲು ದಾಟಿ, ಬಚ್ಚಲಿಗೆ ಹೋದರು. ಹುಡುಗನೇ ನೀರು ಹಾಕಿದ. ಚೊಂಬಿನಿಂದ ನೀರು ಬೀಳುವ ಸದ್ದು ಕೇಳಿಸಿತು. ಅಜ್ಜಿ ಒಳಗಿಂದ ಎಲೆಯಡಿಕೆ ತಟ್ಟೆ ತಂದರು.

ನಾನು ಸುಮ್ಮನೆ ಗುಂಡಿ ಒತ್ತಿದೆ. ಗಾಡಿ ಉಸ್ಸೆಂದು ಎದ್ದು ನಿಂತಿತು.

ಹಿಂದಿರುಗುವಾಗ ಶಿಡ್ಲಘಟ್ಟ ದಾಟುವ ತನಕ ದೊಡ್ಡಪ್ಪ ಎಲೆಯಡಿಕೆ ಜಗಿದರು. ಆಮೇಲೆ, “ಹುಡುಗ ಹೊರೆ ಗಟ್ಟಿಯಾಗಿ ಹಿಡೀತಾನೆ,” ಎಂದರು. ಚಿಕ್ಕಬಳ್ಳಾಪುರ ಬಂದಾಗ, “ಛತ್ರ ಯಾವುದು ಖಾಲಿ ಇದೆ ಕೇಳು,” ಎಂದರು. ಇಂದಿಗೂ ನಮ್ಮ ನೆಂಟರು, ಕೂಡಬೇಕಾದ ಸಂಬಂಧಕ್ಕೆ ನನ್ನ ಗಾಡಿ ಕೇಳುತ್ತಾರೆ, ಬೇಡದ್ದಕ್ಕೆ ಬಸ್ಸಿನಲ್ಲಿ ಹೋಗುತ್ತಾರೆ.

ಮದುವೆಯ ದಿನ, ಹೆಣ್ಣು ಕಳಿಸಲು ನಾನು ಗಾಡಿಗೆ ನಮ್ಮ ತೋಟದ ಸೇವಂತಿಗೆ ಕಟ್ಟುತ್ತಿದ್ದಾಗ ತಂಗಿ ಬಂದು ಪಕ್ಕ ನಿಂತಳು. ಅವತ್ತು ಇದಕ್ಕೆ ಏನು ಹೇಳಿದೆ ಎಂದು ಕೇಳಿದೆ.

“ಅಲ್ಲಿ ಹೋಗಿ ಕೂತ್ಬಿಡಮ್ಮ ಅಂದೆ, ಅಷ್ಟೇ,” ಎಂದು ನಕ್ಕಳು. ಅಷ್ಟರಲ್ಲಿ ಯಾರೋ ಅವಳನ್ನು ಒಳಗೆ ಕರೆದರು.

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಾನೂ ಬಾನೆಟ್ಟಿನ ಮೇಲೆ ಕೈಯಿಟ್ಟೆ. “ದಾರೀಲಿ ಎಲ್ಲಾದ್ರೂ ಕೂತ್ಬಿಡಮ್ಮ,” ಎಂದೆ.

ಹಿಂದಿನ ಸೀಟಿನಲ್ಲಿ ತಂಗಿ, ಅವಳ ಗಂಡ; ನನ್ನ ಪಕ್ಕ ಹೆಂಡತಿ. ತಿರುಪನ್ನು ಹಿಮಕ್ಕೆ ತಿರುಗಿಸಿ ಹೊರಟೆ.

“ರೀ, ಸೈಕಲ್ಲು ನಮ್ಮನ್ನ ದಾಟ್ಕೊಂಡು ಹೋಯ್ತು,” ಎಂದಳು ಹೆಂಡತಿ. ನಾನು ಇನ್ನೂ ನಿಧಾನ ಮಾಡಿದೆ. ಪ್ರತಿ ತಿರುವಿನಲ್ಲೂ ಎಚ್ಚರಿಕೆಯ ದೀಪಕ್ಕಾಗಿ ಕಾದೆ. ಒಂದೂ ಹತ್ತಲಿಲ್ಲ. ಕಂಪನಿಯವರು ಪುಸ್ತಕದಲ್ಲಿ ಬರೆದುಕೊಂಡಿದ್ದ ಹೊಗಳಿಕೆಯೆಲ್ಲ ಆ ಒಂದು ದಿನ ನಿಜವಾಯಿತು. ಮೇಲೂರಿನ ಚಪ್ಪಡಿಯನ್ನು ಅದು ಬೆಣ್ಣೆಯ ಮೇಲೆ ನಡೆದಂತೆ ದಾಟಿತು. ತಂಗಿ ಇಳಿದು, ಗಾಡಿಯ ಬೆನ್ನು ತಟ್ಟಿ, “ಇವತ್ತು ಕೂರ್ಲೇ ಇಲ್ಲ ನೋಡಣ್ಣ, ಪಾಪ,” ಎಂದಳು. ನಾನು ಹೂಂ ಎಂದೆ. ಹಿಂದಿರುಗುವಾಗ ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಇಟ್ಟು ಅತ್ತೆ.

ಮರುದಿನ ಬೆಳಗ್ಗೆ ಅದು ಎಂದಿನಂತೆ ನಮ್ಮ ಅಂಗಳದಲ್ಲಿ ಕೂತಿತ್ತು. ನಾನೂ ಹೋಗಿ ಅದರ ಪಕ್ಕ ಜಗಲಿಯ ಮೇಲೆ ಕೂತೆ. ಏಳಿ ಎಂದು ಹೆಂಡತಿಯೇ ಬಂದು ಇಬ್ಬರಿಗೂ ಹೇಳಬೇಕಾಯಿತು.